ಕಲ್ಲಚ್ಚಿನಿಂದ ದೇವರಮನೆಗೆ

1894ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಚಿತ್ರಕಾರ ರಾಜಾ ರವಿವರ್ಮರ ಮುದ್ರಣಾಲಯ, ರವಿವರ್ಮ ಪ್ರೆಸ್, ಶುರುವಾಯಿತು. ಅಲ್ಲಿ ಕೂಡಿಬಂದ ಸಂಗತಿಗಳನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೊಸದಲ್ಲ. ಎಣ್ಣೆಬಣ್ಣದ ಚಿತ್ರಕಲೆ ಯುರೋಪಿನಲ್ಲಿ ಶತಮಾನಗಳಿಂದ ಬೆಳೆದುಬಂದದ್ದು. ಕಲ್ಲಚ್ಚಿನ ವಿದ್ಯೆಗೆ ಆ ಹೊತ್ತಿಗೆ ನೂರು ವರ್ಷ ತುಂಬುತ್ತ ಬಂದಿತ್ತು. ಶಕುಂತಲೆ, ದಮಯಂತಿ, ಲಕ್ಷ್ಮಿ, ಸರಸ್ವತಿಯರ ಕಥೆ ಮನೆಯ ಮಕ್ಕಳಿಗೂ ಗೊತ್ತಿತ್ತು. ಅಚ್ಚಾದ ಪಟಗಳನ್ನು ಮಾರುವವರೂ ಮುಂಬಯಿ, ಪುಣೆ, ಕಲ್ಕತ್ತಗಳಲ್ಲಿ ಆಗಲೇ ಇದ್ದರು. ಇವೆಲ್ಲವನ್ನೂ ಒಂದೇ ಸೂರಿನಡಿ ತಂದ ಯೋಚನೆ ಮಾತ್ರ ಹೊಸದು. ಅದರಿಂದಾಗಿ ಅರಮನೆಗೆ ಮೀಸಲಾಗಿದ್ದ ಬಗೆಯ ಚಿತ್ರ ಸಾಮಾನ್ಯರ ಮನೆಯ ಗೋಡೆಗೆ ಬಂತು. ದೇವತೆಯ ಮುಖ ಹೀಗಿರುತ್ತದೆ ಎಂಬ ಜನರ ಕಲ್ಪನೆಯೇ ದೇಶದ ಉದ್ದಗಲಕ್ಕೂ ಬದಲಾಯಿತು.

ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 20ನೇ ಶತಮಾನದ ಆರಂಭದಲ್ಲಿ ಉದ್ಯಮಶೀಲತೆಯನ್ನು ವಿವರಿಸುವಾಗ ಒತ್ತು ಕೊಟ್ಟದ್ದು ಇಂಥ ಹೊಸ ಜೋಡಣೆಗೇ. ಒಂದು ವಸ್ತುವನ್ನೋ ವಿಧಾನವನ್ನೋ ಕಂಡುಹಿಡಿಯುವುದು ಒಂದು ಕೆಲಸ. ಇರುವುದನ್ನು ಇನ್ನೊಂದರ ಜೊತೆ ಸೇರಿಸಿ ಜನರ ಬಳಕೆಗೆ ತರುವುದು ಬೇರೆಯೇ ಕೆಲಸ. ಎರಡನ್ನೂ ಒಬ್ಬರೇ ಮಾಡಬೇಕೆಂದಿಲ್ಲ, ಮಾಡಿದವರು ಕಡಿಮೆ. ರವಿವರ್ಮ ಪ್ರೆಸ್ಸಿನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಚಿತ್ರದ ಕಲ್ಪನೆ ಒಬ್ಬರದು, ಅಚ್ಚಿನ ಕೈಚಳಕ ಇನ್ನೊಬ್ಬರದು, ಅದನ್ನು ಲಾಭದ ದಾರಿಗೆ ತಂದ ಕೈ ಮತ್ತೊಬ್ಬರದು. ಕಲೆಯಲ್ಲಿ ಗೆದ್ದವರು ವ್ಯಾಪಾರದಲ್ಲಿ ಸೋತರು. ಆದರೆ ಅವರು ಹಾಕಿಕೊಟ್ಟ ದಾರಿ ಮುಚ್ಚಲಿಲ್ಲ.

19ನೇ ಶತಮಾನದ ಮಧ್ಯದವರೆಗೆ ಬಣ್ಣದ ಚಿತ್ರ ಸಾಮಾನ್ಯರ ಸ್ವತ್ತಾಗಿರಲಿಲ್ಲ. ಮೈಸೂರು, ತಂಜಾವೂರು ಶೈಲಿಯಲ್ಲಿ ಚಿನ್ನದ ರೇಕು ಹಚ್ಚಿ ಬರೆದ ದೇವರ ಚಿತ್ರಗಳನ್ನು ಮಾಡಿಸಿಕೊಳ್ಳಲು ಹಣ ಬೇಕು, ಕಾಯುವ ವ್ಯವಧಾನ ಬೇಕು. ಹಳ್ಳಿಗಳಲ್ಲಿ ತೊಗಲುಗೊಂಬೆಯ ಆಟದಲ್ಲಿ ರಾಮ, ರಾವಣರು ಪರದೆಯ ಮೇಲೆ ಮೂಡಿ ಮರೆಯಾಗುತ್ತಿದ್ದರು. ದೇವಸ್ಥಾನದ ಗೋಡೆ, ತೇರಿನ ಕೆತ್ತನೆ, ಹಬ್ಬದ ದಿನ ಬಾಗಿಲ ಮುಂದಿನ ಚಿತ್ತಾರ ಇವೇ ಹೆಚ್ಚಿನವರ ಪಾಲಿನ ಚಿತ್ರಶಾಲೆ. ಗರ್ಭಗುಡಿಯ ವಿಗ್ರಹ ಕಾಣುವುದು ಹೂವು, ಒಡವೆ, ಕತ್ತಲೆಗಳ ನಡುವೆ, ಮಂಗಳಾರತಿಯ ಕ್ಷಣದಲ್ಲಿ. ಒಳಗೆ ಕಾಲಿಡಲು ಬಿಡದ ಜಾತಿಗಳವರಿಗೆ ಅದೂ ಇರಲಿಲ್ಲ. ಮನೆಯಲ್ಲಿ ಇಟ್ಟುಕೊಂಡು, ಬೆಳಕಿನಲ್ಲಿ, ಬೇಕಾದಷ್ಟು ಹೊತ್ತು ನೋಡಬಹುದಾದ ದೇವರ ಮುಖವೆಂಬುದು ಬಹುಪಾಲು ಜನರಿಗೆ ದಕ್ಕದ ಸಂಗತಿಯಾಗಿತ್ತು.

ರವಿವರ್ಮ ಹುಟ್ಟಿದ್ದು 1848ರಲ್ಲಿ, ತಿರುವಾಂಕೂರಿನ ಕಿಳಿಮಾನೂರಿನಲ್ಲಿ, ರಾಜಮನೆತನದ ನಂಟಿದ್ದ ಕುಟುಂಬದಲ್ಲಿ. ಚಿತ್ರ ಬರೆಯುತ್ತಿದ್ದ ಸೋದರಮಾವ ರಾಜರಾಜ ವರ್ಮರೇ ಮೊದಲ ಗುರು. ಹದಿಹರೆಯದಲ್ಲಿ ತಿರುವನಂತಪುರದ ಅರಮನೆಗೆ ಬಂದ ಹುಡುಗನಿಗೆ ಆಯಿಲ್ಯಂ ತಿರುನಾಳ್ ಮಹಾರಾಜರ ಆಸರೆ ಸಿಕ್ಕಿತು. ಎಣ್ಣೆಬಣ್ಣದ ಗುಟ್ಟು ಮಾತ್ರ ಸುಲಭಕ್ಕೆ ಸಿಗಲಿಲ್ಲ. ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಅದನ್ನು ಹೇಳಿಕೊಡಲು ಒಪ್ಪಲಿಲ್ಲ. 1868ರಲ್ಲಿ ಅರಮನೆಗೆ ಬಂದ ಥಿಯೋಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರನೂ ಪಾಠ ಹೇಳಲಿಲ್ಲ. ಕೆಲಸ ಮಾಡುವಾಗ ನೋಡುತ್ತ ನಿಲ್ಲಲು ಬಿಟ್ಟನಷ್ಟೆ. ಬಣ್ಣಕ್ಕೆ ಎಣ್ಣೆ ಎಷ್ಟು, ಒಂದು ಪದರ ಆರುವ ಮುನ್ನ ಇನ್ನೊಂದನ್ನು ಹಚ್ಚಬಹುದೇ, ಕೆನ್ನೆಯ ನೆರಳಿಗೆ ಯಾವ ಬಣ್ಣ ಎಂಬುದನ್ನೆಲ್ಲ ರವಿವರ್ಮ ನೋಡಿ, ಮಾಡಿ, ಕೆಡಿಸಿ ಕಲಿತರು. 1873ರಲ್ಲಿ ಮದರಾಸಿನ ಕಲಾಪ್ರದರ್ಶನದಲ್ಲಿ ಮುಡಿಗೆ ಮಲ್ಲಿಗೆ ಮುಡಿಯುವ ನಾಯರ್ ಹೆಣ್ಣಿನ ಚಿತ್ರಕ್ಕೆ ಚಿನ್ನದ ಪದಕ ಬಂತು. ಅಲ್ಲಿಂದ ಮುಂದೆ ರಾಜರುಗಳ, ಇಂಗ್ಲಿಷ್ ಅಧಿಕಾರಿಗಳ ಭಾವಚಿತ್ರಗಳಿಗೆ ಕರೆ ಬರುವುದು ನಿಲ್ಲಲಿಲ್ಲ.

ಭಾವಚಿತ್ರದಲ್ಲೇ ನಿಂತಿದ್ದರೆ ಅವರು ಒಳ್ಳೆಯ ಆಸ್ಥಾನ ಕಲಾವಿದರಾಗಿ ಉಳಿಯುತ್ತಿದ್ದರು. ಆ ಕೈಚಳಕವನ್ನು ಪುರಾಣಕ್ಕೆ ತಿರುಗಿಸಿದ್ದೇ ಅವರ ದೊಡ್ಡ ಹೆಜ್ಜೆ. ಮೈಯ ತೂಕ, ಬಟ್ಟೆಯ ಮಡಿಕೆ, ಬೆಳಕು ಬೀಳುವ ದಿಕ್ಕು, ಹಿಂದೆ ಮಸುಕಾಗುತ್ತ ಹೋಗುವ ಬೆಟ್ಟ ಇವನ್ನು ಬರೆಯಲು ಬರುವ ಕೈ ಶಕುಂತಲೆಯನ್ನು ಬರೆದಾಗ ಆಕೆ ಕಾವ್ಯದ ನಾಯಕಿಯಷ್ಟೇ ಆಗಿ ಉಳಿಯದೆ, ಕಾಲಿಗೆ ಮುಳ್ಳು ಚುಚ್ಚಿದ ನೆಪದಲ್ಲಿ ಹಿಂದಿರುಗಿ ನೋಡುವ ಹುಡುಗಿಯಾದಳು. ಕಥೆಯಲ್ಲಿ ಭಾವ ತಿರುಗುವ ಗಳಿಗೆಯನ್ನೇ ಆರಿಸಿ ಹಿಡಿಯುವುದು ರವಿವರ್ಮರ ಪದ್ಧತಿ. ಇದರಲ್ಲಿ ನಾಟಕರಂಗದ ನೆರಳು ಕಾಣುತ್ತದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿಯಲ್ಲಿ ಶಾಕುಂತಲವನ್ನು ರಂಗಕ್ಕೆ ತಂದದ್ದು 1880ರಲ್ಲಿ. ಪಾರ್ಸಿ ಕಂಪನಿಗಳು, ಮರಾಠಿ ಸಂಗೀತ ನಾಟಕಗಳು ಪಶ್ಚಿಮ ಭಾರತವನ್ನು ತುಂಬಿಕೊಂಡಿದ್ದ ಕಾಲ ಅದು. ದೇವತೆಗಳಿಗೆ ಯಾವ ಉಡುಗೆ ಎಂಬ ಪ್ರಶ್ನೆಗೂ ಉತ್ತರ ಬೇಕಿತ್ತು. ತಮ್ಮ ಸಿ. ರಾಜರಾಜ ವರ್ಮರ ಜೊತೆ ರವಿವರ್ಮ ಉತ್ತರ ಭಾರತವನ್ನು ಸುತ್ತಿ ಜನರ ಉಡಿಗೆ ತೊಡಿಗೆಗಳನ್ನು ನೋಡಿಬಂದರು. ಕೊನೆಗೆ ಆರಿಸಿಕೊಂಡದ್ದು ಸೀರೆಯನ್ನು.

ಅವರ ಲಕ್ಷ್ಮಿಯ ಪಟವನ್ನು ಗಮನವಿಟ್ಟು ನೋಡಿದರೆ ಈ ಯೋಚನೆಯೆಲ್ಲ ಅಲ್ಲಿ ಹರಳುಗಟ್ಟಿದೆ. ಕೊಳದಲ್ಲಿ ಅರಳಿದ ತಾವರೆ, ಅದರ ಮೇಲೆ ನಿಂತ ದೇವಿ. ಕೈ ನಾಲ್ಕು, ಎರಡರಲ್ಲಿ ತಾವರೆ, ಇದು ಶಾಸ್ತ್ರ. ಪಕ್ಕದಲ್ಲಿ ಹಾರ ಹಿಡಿದ ಆನೆ. ಇದೂ ಗಜಲಕ್ಷ್ಮಿಯ ಹಳೆಯ ಸಂಪ್ರದಾಯ. ಆದರೆ ಆಕೆ ಉಟ್ಟಿರುವುದು ಜರಿಯಂಚಿನ ಸೀರೆ, ನಿಂತಿರುವ ರೀತಿ ಅತಿಥಿಯನ್ನು ಎದುರುಗೊಳ್ಳುವ ಗೃಹಿಣಿಯದು, ಹಿಂದಿರುವುದು ನಿಜವಾದ ಆಕಾಶ, ನಿಜವಾದ ಮರ. ತೋಳು ನಾಲ್ಕಿವೆ ಎಂಬುದು ನೋಡುವವರಿಗೆ ವಿಚಿತ್ರವೆನಿಸದಷ್ಟು ಆ ಮೈಗೆ ಜೀವವಿದೆ. ಆಗಮದ ಲಕ್ಷಣ, ಯುರೋಪಿನ ನೆರಳು ಬೆಳಕು, ತನ್ನ ಕಾಲದ ಹೆಣ್ಣಿನ ಚಹರೆ ಈ ಮೂರನ್ನೂ ಒಂದರೊಳಗೊಂದು ಬೆರೆಸಿದ ಇದೇ ರವಿವರ್ಮರ ನಿಜವಾದ ಸೃಷ್ಟಿ.

ಇಂಥ ಚಿತ್ರಗಳಿಗೆ ಹಸಿವು ಎಷ್ಟಿತ್ತೆಂಬುದು ಪ್ರೆಸ್ ಹುಟ್ಟುವ ಮೊದಲೇ ಗೊತ್ತಾಗಿತ್ತು. ಬರೋಡದ ಸಯಾಜಿರಾವ್ ಗಾಯಕವಾಡರಿಗಾಗಿ ಬರೆದ 14 ಪೌರಾಣಿಕ ಚಿತ್ರಗಳು 1890ರಲ್ಲಿ ಮುಗಿದು, ಮುಂಬಯಿಯಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಕಿಕ್ಕಿರಿದು ಬಂದರು. ಅವುಗಳ ಫೋಟೋ ಪ್ರತಿಗಳೂ ಮಾರಾಟವಾದವು. ಅದಕ್ಕೂ ಮೊದಲೇ, 1880ರ ದಶಕದಲ್ಲಿ, ತಿರುವಾಂಕೂರು ಮತ್ತು ಬರೋಡ ಸಂಸ್ಥಾನಗಳ ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಪತ್ರ ಬರೆದು ಒಂದು ಸಲಹೆ ಕೊಟ್ಟಿದ್ದರು: ಕೇಳುವವರು ಅಷ್ಟು ಮಂದಿ, ಬರೆಯುವ ಕೈ ಎರಡೇ, ಆದ್ದರಿಂದ ಕೆಲವು ಚಿತ್ರಗಳನ್ನು ಯುರೋಪಿಗೆ ಕಳಿಸಿ ಅಚ್ಚು ಹಾಕಿಸುವುದು ಒಳ್ಳೆಯದು, ಹೆಸರೂ ಹರಡುತ್ತದೆ, ದೇಶಕ್ಕೂ ಉಪಕಾರ. ಉದ್ಯಮದ ಬೀಜ ಈ ಆಡಳಿತಗಾರರ ತಲೆಯಲ್ಲಿ ಮೊದಲು ಮೊಳೆತದ್ದೆಂಬುದನ್ನು ಮರೆಯುವಂತಿಲ್ಲ. ಯುರೋಪಿಗೆ ಕಳಿಸುವ ಬದಲು ಯಂತ್ರಗಳನ್ನೇ ಇಲ್ಲಿಗೆ ತರಿಸುವ ತೀರ್ಮಾನ ಆಮೇಲೆ ವರ್ಮ ಸಹೋದರರು ಮಾಡಿದ್ದು.

ಆ ಯಂತ್ರಗಳ ಹಿಂದಿನ ವಿದ್ಯೆಯೂ ಒಬ್ಬ ಕಲಾವಿದನ ಅಡಚಣೆಯಿಂದ ಹುಟ್ಟಿದ್ದೇ. ಮ್ಯೂನಿಕ್‌ನಲ್ಲಿ ನಾಟಕ ಬರೆಯುತ್ತಿದ್ದ ಅಲೋಯಿಸ್ ಸೆನೆಫೆಲ್ಡರ್‌ಗೆ ತನ್ನ ಕೃತಿಗಳನ್ನು ಅಚ್ಚು ಹಾಕಿಸಲು ದುಡ್ಡಿರಲಿಲ್ಲ. ತಾಮ್ರದ ತಗಡಿನ ಮೇಲೆ ತಾನೇ ಅಕ್ಷರ ಕೊರೆಯಲು ನೋಡಿದ. ತಗಡು ದುಬಾರಿಯಾದಾಗ ಬವೇರಿಯಾದ ಸೋಲನ್‌ಹೋಫನ್‌ನ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಅಭ್ಯಾಸ ಶುರುಮಾಡಿದ. 1796ರಲ್ಲಿ ಒಂದು ದಿನ, ಕೈಗೆ ಕಾಗದ ಸಿಗದೆ, ಒಗೆಯಲು ಕೊಟ್ಟ ಬಟ್ಟೆಗಳ ಪಟ್ಟಿಯನ್ನು ಮೇಣ ಬೆರೆತ ಮಸಿಯಿಂದ ಆ ಕಲ್ಲಿನ ಮೇಲೇ ಬರೆದನೆಂದು ಅವನೇ ಹೇಳಿಕೊಂಡಿದ್ದಾನೆ. ಅಲ್ಲಿಂದ ಎರಡು ವರ್ಷದ ಪ್ರಯೋಗಗಳ ಕೊನೆಗೆ ಸಿಕ್ಕಿದ ತತ್ವ ಇಷ್ಟು: ಜಿಡ್ಡು ಮತ್ತು ನೀರು ಒಂದಕ್ಕೊಂದು ಸೇರುವುದಿಲ್ಲ. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಆಮ್ಲ ಮತ್ತು ಗೋಂದಿನ ದ್ರಾವಣ ಹಚ್ಚಿ, ಒದ್ದೆ ಮಾಡಿದರೆ ಬರೆಯದ ಜಾಗವಷ್ಟೇ ನೀರು ಹೀರುತ್ತದೆ. ಮೇಲೆ ಎಣ್ಣೆಮಸಿಯ ರೋಲರ್ ಉರುಳಿಸಿದಾಗ ಮಸಿ ಒದ್ದೆ ಜಾಗವನ್ನು ಬಿಟ್ಟು ಗೆರೆಗಳನ್ನು ಮಾತ್ರ ಹಿಡಿಯುತ್ತದೆ. ಕಾಗದ ಒತ್ತಿದರೆ ಚಿತ್ರ ಸಿದ್ಧ. ಕೊರೆಯುವುದಿಲ್ಲ, ಮೊಳೆ ಜೋಡಿಸುವುದಿಲ್ಲ. ಕೈ ಬರೆದದ್ದು ಹಾಗೆಯೇ ಅಚ್ಚಾಗುತ್ತದೆ.

ಭಾರತಕ್ಕೆ ಈ ವಿದ್ಯೆ 1820ರ ದಶಕದಲ್ಲೇ ಬಂತು. ನಮ್ಮ ಲಿಪಿಗಳಿಗೆ ಅದು ವರವಾಯಿತು, ಏಕೆಂದರೆ ಒತ್ತಕ್ಷರ, ಕೊಂಬು, ಗುಡಿಸುಗಳಿಗೆಲ್ಲ ಅಚ್ಚುಮೊಳೆ ಎರಕ ಹೊಯ್ಯುವ ತಾಪತ್ರಯವಿಲ್ಲದೆ ಕೈಬರಹವನ್ನೇ ಮುದ್ರಿಸಬಹುದಿತ್ತು. ಮಂಗಳೂರಿನ ಬಾಸೆಲ್ ಮಿಷನ್ ಮೊದಲು ಹಾಕಿದ್ದು ಕಲ್ಲಚ್ಚಿನ ಮುದ್ರಣಾಲಯವನ್ನೇ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’, ಅಂದರೆ ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಿನ ಮೇಲೆ. ಅದು ಒಂದೇ ಬಣ್ಣದ ಕೆಲಸ. ಹಲವು ಬಣ್ಣಗಳ ಕಲ್ಲಚ್ಚಿಗೆ ಫ್ರಾನ್ಸಿನ ಮುಲ್ಹೌಸ್‌ನ ಗೊಡೆಫ್ರಾ ಎಂಗಲ್‌ಮನ್ 1837ರಲ್ಲಿ ಹಕ್ಕುಪತ್ರ ಪಡೆದ. ರವಿವರ್ಮ ಪ್ರೆಸ್ ತರಿಸಿಕೊಂಡದ್ದು ಈ ಬಗೆಯ, ಜರ್ಮನಿಯಲ್ಲಿ ಪಳಗಿದ ತಂತ್ರವನ್ನು.

ಎಣ್ಣೆಬಣ್ಣದ ಒಂದು ಚಿತ್ರ ಪಟವಾಗಬೇಕಾದರೆ ನಡೆಯಬೇಕಾದ ಕೆಲಸ ಸಣ್ಣದಲ್ಲ. ಮೊದಲು ಮೂಲಚಿತ್ರದ ರೇಖೆಗಳನ್ನೆಲ್ಲ ನಕಲು ತೆಗೆಯಬೇಕು. ಮುಖ, ಬೆರಳು, ಸೀರೆಯ ನೆರಿಗೆ, ಒಡವೆ, ಒಂದೊಂದು ನೆರಳಿನ ಎಲ್ಲೆಯೂ ಅದರಲ್ಲಿರಬೇಕು. ಈ ನಕಲನ್ನು ಬಣ್ಣಕ್ಕೊಂದರಂತೆ ಬೇರೆ ಬೇರೆ ಕಲ್ಲುಗಳಿಗೆ ಇಳಿಸುತ್ತಾರೆ. ಕಲ್ಲಚ್ಚಿನ ಕಲಾವಿದನೆದುರಿನ ಸವಾಲು ಇರುವುದು ಇಲ್ಲೇ. ಕ್ಯಾನ್ವಾಸಿನ ಮೇಲೆ ಕೆನ್ನೆಯ ಬಣ್ಣ ಒಂದೇ. ಅವನ ಪಾಲಿಗೆ ಅದು ತಿಳಿಹಳದಿ ಇಷ್ಟು, ಗುಲಾಬಿ ಇಷ್ಟು, ತೆಳುನೀಲಿ ಇಷ್ಟು, ಕಂದು ಇಷ್ಟು. ಕಣ್ಣಿಗೆ ಕಾಣುವ ಬಣ್ಣವನ್ನು ಮನಸ್ಸಿನಲ್ಲೇ ಹೀಗೆ ಒಡೆದು, ಗುಲಾಬಿಯ ಕಲ್ಲಿನ ಮೇಲೆ ಗುಲಾಬಿಯ ಪಾಲನ್ನಷ್ಟೇ ಬರೆಯಬೇಕು, ಅದೂ ಜಿಡ್ಡಿನ ಕಪ್ಪು ಮಸಿಯಲ್ಲಿ. ಬಣ್ಣ ದಟ್ಟವಾಗಬೇಕಾದ ಕಡೆ ಚುಕ್ಕಿಗಳನ್ನು ಒತ್ತೊತ್ತಾಗಿ, ತೆಳುವಾಗಬೇಕಾದ ಕಡೆ ವಿರಳವಾಗಿ ಇಡುತ್ತಾನೆ. ಒಂದು ಮುಖಕ್ಕೆ ಸಾವಿರಾರು ಚುಕ್ಕಿ ಬೇಕಾಗುತ್ತದೆ. ಹಳೆಯ ಪಟವೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ದೇವಿಯ ಗಲ್ಲ ಕರಗಿ ಬಣ್ಣಬಣ್ಣದ ಚುಕ್ಕಿಗಳ ರಾಶಿಯಾಗಿ ಕಾಣುವುದು ಇದರಿಂದಲೇ.

ಅಚ್ಚು ಹಾಕುವಾಗ ಒಂದೇ ಹಾಳೆ ಎಲ್ಲ ಕಲ್ಲುಗಳ ಮೇಲೂ ಹಾದುಹೋಗಬೇಕು. ಸಾಮಾನ್ಯವಾಗಿ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ನಡುವೆ ಪ್ರತಿಸಲವೂ ಆರಲು ಬಿಡಬೇಕು. ಪ್ರತಿ ಕಲ್ಲಿನ ಅಂಚಿನಲ್ಲೂ ಒಂದೇ ಜಾಗದಲ್ಲಿ ಗುರುತು ಹಾಕಿರುತ್ತಾರೆ. ಹಾಳೆಯನ್ನು ಅದಕ್ಕೆ ಸರಿಯಾಗಿ ಕೂರಿಸದಿದ್ದರೆ ತುಟಿಯ ಕೆಂಪು ತುಟಿಯಿಂದಾಚೆಗೆ ಜಾರುತ್ತದೆ. ಮಳೆಗಾಲದ ತೇವಕ್ಕೆ ಕಾಗದ ಕೂದಲೆಳೆಯಷ್ಟು ಹಿಗ್ಗಿದರೂ ಸಾಕು, ಅಷ್ಟೂ ಬಣ್ಣಗಳ ಶ್ರಮ ಹಾಳು. ಎಲ್ಲ ಮುಗಿದ ಮೇಲೆ ವಾರ್ನಿಷ್ ಬಳಿದು, ಕೆಲವೊಮ್ಮೆ ಕ್ಯಾನ್ವಾಸಿನ ನೇಯ್ಗೆಯಂತೆ ಕಾಣುವ ಒತ್ತುಗುರುತು ಮೂಡಿಸಿದರೆ ಹಾಳೆಗೆ ಎಣ್ಣೆಚಿತ್ರದ ಮಿರುಗು ಬರುತ್ತದೆ. ಇದಕ್ಕೇ ಓಲಿಯೋಗ್ರಾಫ್ ಎಂದು ಹೆಸರು. ಮುದ್ರಣ ಮುಗಿದ ಕಲ್ಲನ್ನು ಮರಳು, ನೀರು ಹಾಕಿ ಉಜ್ಜಿ ಅಳಿಸಿದರೆ ಅದು ಇನ್ನೊಂದು ಚಿತ್ರಕ್ಕೆ ಸಿದ್ಧ. ಕಲ್ಲಿನ ಮೇಲೆ ಚುಕ್ಕಿಯಿಟ್ಟ ಆ ಕಲಾವಿದರ ಹೆಸರುಗಳು ಪಟದ ಮೇಲೆ ಅಚ್ಚಾಗಲಿಲ್ಲ. ಜನ ಮೆಚ್ಚಿ ಪೂಜಿಸಿದ ಮುಖಗಳಲ್ಲಿ ರವಿವರ್ಮರ ಪಾಲಿನ ಜೊತೆಗೆ ಇವರ ಪಾಲೂ ಇದೆ. ಅದನ್ನು ಒಪ್ಪಿಕೊಳ್ಳದಿದ್ದರೆ ಈ ಕಥೆ ಅರ್ಧದಷ್ಟೇ ಆಗುತ್ತದೆ.

ಈ ಕಸುಬಿಗೆ ಇಳಿದವರಲ್ಲಿ ರವಿವರ್ಮ ಮೊದಲಿಗರಲ್ಲ. ಕಲ್ಕತ್ತ ಆರ್ಟ್ ಸ್ಟುಡಿಯೋ ಮತ್ತು ಪುಣೆಯ ಚಿತ್ರಶಾಳಾ ಪ್ರೆಸ್ ಎರಡೂ 1878ರಲ್ಲೇ ಶುರುವಾಗಿ ದೇವರ ಪಟಗಳನ್ನು ಮಾರುತ್ತಿದ್ದವು. ಯುರೋಪಿನಿಂದ ಅಚ್ಚಾಗಿ ಬಂದ ಪಟಗಳೂ ಪೇಟೆಯಲ್ಲಿದ್ದವು. ಗಿರಗಾಂವ್‌ನ ಪ್ರೆಸ್ಸಿಗೆ ಮುಂಬಯಿಯ ವ್ಯಾಪಾರಿ ಗೋವರ್ಧನದಾಸ್ ಖಟಾವು ಮಾಖನ್‌ಜಿ ಪಾಲುದಾರರಾದರು. ಯಂತ್ರದ ಜೊತೆಗೆ ಜರ್ಮನ್ ತಂತ್ರಜ್ಞರನ್ನೂ ಕರೆಸಲಾಯಿತು. ಲೆಕ್ಕಪತ್ರ, ಆಡಳಿತದ ಭಾರವನ್ನು ಬಹುಪಾಲು ಹೊತ್ತವರು ತಮ್ಮ ರಾಜರಾಜ ವರ್ಮ, ಅವರೂ ಒಳ್ಳೆಯ ಚಿತ್ರಕಾರರು. ಮೊದಲು ಹೊರಬಂದದ್ದು ಶಕುಂತಲೆಯ ಜನನದ ಚಿತ್ರ: ಮಗುವನ್ನೆತ್ತಿ ನಿಂತ ಮೇನಕೆ, ಮುಖ ತಿರುಗಿಸಿಕೊಂಡ ವಿಶ್ವಾಮಿತ್ರ. ಬೆನ್ನಿಗೇ ಲಕ್ಷ್ಮಿ, ಸರಸ್ವತಿಯರು ಬಂದರು. ಪಟಗಳಿಗೆ ಬೇಡಿಕೆ ಚೆನ್ನಾಗಿತ್ತು. ಹಣ ಮಾತ್ರ ನಿಲ್ಲಲಿಲ್ಲ.

ಕಾರಣಗಳು ಹಲವು. ಕಲ್ಲು, ಯಂತ್ರ, ತಜ್ಞರ ಸಂಬಳ ಎಲ್ಲಕ್ಕೂ ಮೊದಲೇ ಹಣ ಸುರಿಯಬೇಕಿತ್ತು. ಪಾಲುದಾರಿಕೆ ಹೆಚ್ಚು ದಿನ ಬಾಳಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಕೆಲಸಗಾರರು ಊರು ಬಿಟ್ಟು ಓಡಿದರು. ಪ್ರೆಸ್ಸನ್ನು ಮೊದಲು ಘಾಟ್‌ಕೋಪರಿಗೆ, ಆಮೇಲೆ 1899ರಲ್ಲಿ ಲೋನಾವಳದ ಹತ್ತಿರದ ಮಳವಲಿಗೆ ಸಾಗಿಸಬೇಕಾಯಿತು. ಚಪ್ಪಡಿಕಲ್ಲುಗಳ, ಭಾರಿ ಯಂತ್ರಗಳ ಕಾರ್ಖಾನೆಯನ್ನು ಎರಡು ಸಲ ಎತ್ತಿಡುವುದೆಂದರೆ ಯಾವ ಉದ್ಯಮಕ್ಕಾದರೂ ದೊಡ್ಡ ಪೆಟ್ಟು. ಇದರ ಮೇಲೆ ಅಣ್ಣ ತಮ್ಮಂದಿರ ಮನಸ್ಸು ಇದ್ದದ್ದು ಚಿತ್ರ ಬರೆಯುವುದರಲ್ಲಿ. ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಗಿ ತಿಂಗಳುಗಟ್ಟಲೆ ಉಳಿದು ಕ್ಯಾನ್ವಾಸ್ ಮುಗಿಸುವವರು ದಿನದಿನದ ಸಾಲ, ವಸೂಲಿಗಳ ಲೆಕ್ಕ ನೋಡುವುದು ಹೇಗೆ? ಬರೆದು ಗಳಿಸಿದ್ದು ಅಚ್ಚಿಗೆ ಸೋರಿಹೋಗುತ್ತಿತ್ತು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅವರು ಪ್ರೆಸ್ಸನ್ನು, ಹಲವು ಚಿತ್ರಗಳ ಮುದ್ರಣದ ಹಕ್ಕಿನ ಸಮೇತ, ತಮ್ಮಲ್ಲೇ ತಂತ್ರಜ್ಞರಾಗಿದ್ದ ಜರ್ಮನಿಯ ಫ್ರಿಟ್ಜ್ ಷ್ಲೈಶರ್ ಅವರಿಗೆ ಮಾರಿಬಿಟ್ಟರು. ತಮ್ಮ 1905ರಲ್ಲಿ ತೀರಿಕೊಂಡರು, ಅಣ್ಣ 1906ರ ಅಕ್ಟೋಬರಿನಲ್ಲಿ.

ಷ್ಲೈಶರ್ ಚಿತ್ರಕಾರರಲ್ಲ, ಅಚ್ಚಿನ ಮನೆಯನ್ನು ಒಳಗಿನಿಂದ ಬಲ್ಲವರು. ರವಿವರ್ಮರ ಹೆಸರನ್ನು ಪ್ರೆಸ್ಸಿಗೆ ಹಾಗೆಯೇ ಉಳಿಸಿಕೊಂಡರು. ಜನ ಕೇಳುವ ದೇವರುಗಳ ಪಟ ಹೆಚ್ಚಿಸಿದರು, ಬೇರೆ ಕಲಾವಿದರ ಚಿತ್ರಗಳನ್ನೂ ತೆಗೆದುಕೊಂಡರು, ಸಣ್ಣ ಅಳತೆಯ ಅಗ್ಗದ ಪಟಗಳನ್ನು ತಂದರು. ಪಟಗಳ ಜೊತೆಗೆ ವ್ಯಾಪಾರಿಗಳ ಲೇಬಲ್, ಜಾಹೀರಾತುಗಳ ಕೆಲಸವನ್ನೂ ಹಿಡಿದರು. ದೊಡ್ಡ ಕಲಾಕೃತಿಯ ಅಚ್ಚುಕಟ್ಟಾದ ನಕಲು ಎಂಬ ಮೂಲ ಉದ್ದೇಶ ಹಿಂದೆ ಸರಿದು, ಯಾವ ಕೆಲಸ ಬಂದರೂ ಕಲ್ಲು ಬರಿದಾಗಿ ಕೂರಬಾರದು ಎಂಬ ಕಾರ್ಖಾನೆಯ ವಿವೇಕ ಮುಂದೆ ಬಂತು. ಇದರಿಂದ ಗುಣಮಟ್ಟ ಇಳಿದದ್ದು ನಿಜ. ಪ್ರೆಸ್ ಮುಂದೆ ದಶಕಗಟ್ಟಲೆ ಬದುಕಿದ್ದೂ ಇದರಿಂದಲೇ.

ಪಟಗಳು ಮನೆಯೊಳಗೆ ಬಂದ ಬಗೆ ಯಾರೂ ಯೋಜಿಸಿದ್ದಲ್ಲ. ಎಣ್ಣೆಚಿತ್ರಕ್ಕೆ ಬದಲಾಗಿ ದಿವಾನಖಾನೆಯಲ್ಲಿ ತೂಗುಹಾಕಲೆಂದು ಮಾಡಿದ ಹಾಳೆಗಳಿಗೆ ಜನ ಕಟ್ಟು ಹಾಕಿಸಿ, ದೇವರಮನೆಯಲ್ಲಿಟ್ಟು, ಗಾಜಿನ ಮೇಲೆ ಕುಂಕುಮವಿಟ್ಟು, ಹೂ ಮುಡಿಸಿದರು. ಮನೆಯ ಹೆಂಗಸರು ದೇವಿಯ ಸೀರೆಯ ಮೇಲೆ ನಿಜವಾದ ಬಟ್ಟೆಯ ತುಂಡು, ಜರಿ, ಚಮಕಿ, ಮಣಿಗಳನ್ನು ಅಂಟಿಸಿ ಹೊಲಿದರು. ಕಾರ್ಖಾನೆಯಿಂದ ಒಂದೇ ಥರ ಹೊರಟ ಸಾವಿರ ಪ್ರತಿಗಳು ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಥರ ಆದವು. ಅಂಥ ಅಲಂಕಾರದ ಪಟಗಳು ದಕ್ಷಿಣದ ಹಳೆಯ ಮನೆಗಳಲ್ಲಿ ಈಗಲೂ ಸಿಗುತ್ತವೆ. ಅವನ್ನು ಮಾಡಿದ ಕೈಗಳ ಸೃಜನಶೀಲತೆಯೂ ರವಿವರ್ಮರದಕ್ಕಿಂತ ಕಡಿಮೆಯದೇನಲ್ಲ.

ಇದಕ್ಕಿಂತ ದೊಡ್ಡ ಪರಿಣಾಮ ಇನ್ನೊಂದಿದೆ. ರವಿವರ್ಮರ ತವರಾದ ತಿರುವಾಂಕೂರಿನಲ್ಲಿ ಎಲ್ಲ ಹಿಂದೂಗಳಿಗೂ ದೇವಸ್ಥಾನದ ಬಾಗಿಲು ತೆರೆಯುವ ಘೋಷಣೆ ಹೊರಟದ್ದು 1936ರಲ್ಲಿ, ಅಂದರೆ ಪ್ರೆಸ್ ಶುರುವಾದ 42 ವರ್ಷಗಳ ಮೇಲೆ. ಅಷ್ಟು ಕಾಲ ಗುಡಿಯ ಹೊರಗೇ ನಿಲ್ಲಬೇಕಾಗಿದ್ದ ಜನರ ಗುಡಿಸಲಿಗೂ ಲಕ್ಷ್ಮಿ, ಸರಸ್ವತಿಯರು ಪಟವಾಗಿ ಹೋಗಬಹುದಾಗಿತ್ತು. ಅಂಗಡಿಯಲ್ಲಿ ಕಾಸು ಕೊಟ್ಟವರಿಗೆ ದೇವರು ಸಿಗುತ್ತಿದ್ದರು, ಜಾತಿ ಕೇಳುವವರಿರಲಿಲ್ಲ. ಜಾತಿಪದ್ಧತಿಯನ್ನು ಪಟ ಮುರಿಯಿತೆನ್ನುವುದು ಅತಿಶಯೋಕ್ತಿ. ದರ್ಶನದ ಮೇಲಿನ ಪಹರೆಯನ್ನು ಅದು ಸಡಿಲಿಸಿತೆನ್ನಲು ಅಡ್ಡಿಯಿಲ್ಲ.

ವ್ಯಾಪಾರದ ಲೋಕ ಈ ಮುಖಗಳ ಬೆಲೆಯನ್ನು ಬೇಗ ಅರಿತಿತು. ಬೆಂಕಿಪೆಟ್ಟಿಗೆ, ಬಟ್ಟೆಯ ಥಾನು, ಸೋಪು, ಔಷಧಿ ಎಲ್ಲದರ ಮೇಲೂ ರವಿವರ್ಮರ ದೇವತೆಗಳು ಕಾಣಿಸಿಕೊಂಡರು, ಯುರೋಪಿನಲ್ಲಿ ತಯಾರಾಗಿ ಬಂದ ಸರಕಿನ ಮೇಲೂ. ಜರ್ಮನಿಯ ಪಿಂಗಾಣಿ ಕಾರ್ಖಾನೆಗಳು ಅವರ ಚಿತ್ರಗಳನ್ನು ಬೊಂಬೆಗಳನ್ನಾಗಿ ಮಾಡಿ ಕಳಿಸಿದವು. ಕದ್ದು ಅಚ್ಚು ಹಾಕಿದವರಿಗೆ ಲೆಕ್ಕವಿಲ್ಲ. ವರ್ಷಕ್ಕೊಮ್ಮೆ ಗಿರಾಕಿಗಳಿಗೆ ಕ್ಯಾಲೆಂಡರ್ ಕೊಡುವ ವಾಡಿಕೆ ಬೆಳೆದಂತೆ ದೇವರ ಚಿತ್ರ ಮತ್ತು ಅಂಗಡಿಯ ಹೆಸರು ಒಂದೇ ಹಾಳೆಯಲ್ಲಿ ನೆಲೆ ನಿಂತವು. ಕನ್ನಡನಾಡಿನ ಕಿರಾಣಿ ಅಂಗಡಿ, ಜವಳಿ ಅಂಗಡಿಗಳಿಂದ ಬಂದ ಕ್ಯಾಲೆಂಡರು ವರ್ಷ ಮುಗಿದ ಮೇಲೂ ಗೋಡೆಯಲ್ಲೇ ಉಳಿಯುತ್ತಿದ್ದದ್ದು ಅದರಲ್ಲಿದ್ದ ದೇವರಿಂದಾಗಿ.

ಪ್ರೆಸ್ಸಿನ ಜೊತೆ ಕೆಲಸ ಮಾಡಿದವರಲ್ಲಿ ದಾದಾಸಾಹೇಬ್ ಫಾಲ್ಕೆ ಒಬ್ಬರು. ಫೋಟೋ ತಂತ್ರದಿಂದ ಚಿತ್ರವನ್ನು ಕಲ್ಲಿಗೆ ಇಳಿಸುವ ಕೆಲಸವನ್ನು ಅವರು ರವಿವರ್ಮ ಪ್ರೆಸ್ಸಿಗೆ ಮಾಡಿಕೊಟ್ಟರು, ಬಣ್ಣದ ಮುದ್ರಣ ಕಲಿಯಲು ಜರ್ಮನಿಗೂ ಹೋಗಿಬಂದರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ತಂದಾಗ ಪುರಾಣವನ್ನು ಮೈದುಂಬಿದ ಮನುಷ್ಯರ ಮೂಲಕ ತೋರಿಸುವ ರೀತಿ ಜನರಿಗೆ ಹೊಸದೆನಿಸಲಿಲ್ಲ. ಪಟಗಳು ಕಣ್ಣನ್ನು ಆಗಲೇ ಪಳಗಿಸಿದ್ದವು. ಇದೇ ಪರಂಪರೆಯನ್ನು ಮುಂದೆ ಕಲಬುರಗಿಯ ಎಸ್.ಎಂ. ಪಂಡಿತರು ಮುಂಬಯಿಯಲ್ಲಿ ಬೆಳೆಸಿದರು. 1916ರಲ್ಲಿ ಹುಟ್ಟಿದ ಅವರು ಸಿನಿಮಾ ಪೋಸ್ಟರ್ ಮತ್ತು ಕ್ಯಾಲೆಂಡರ್ ಎರಡರಲ್ಲೂ ದೊಡ್ಡ ಹೆಸರು. ರವಿವರ್ಮರ ದೇವತೆಗಳಲ್ಲಿ ಗೃಹಿಣಿಯ ಸೌಮ್ಯತೆ ಇದ್ದರೆ ಪಂಡಿತರ ದೇವತೆಗಳಿಗೆ ತೆರೆಯ ತಾರೆಯರ ಝಗಮಗ ಬಂತು.

ಈ ಕಲೆಯನ್ನು ಒಪ್ಪದವರೂ ಇದ್ದರು, ಅವರ ಮಾತಿನಲ್ಲಿ ತೂಕವಿತ್ತು. ಸ್ವದೇಶಿ ಚಳವಳಿಯ ಕಾಲದಲ್ಲಿ ಅವನೀಂದ್ರನಾಥ ಠಾಕೂರರ ಸುತ್ತ ಬೆಳೆದ ಬಂಗಾಳ ಶೈಲಿಯವರು ಅಜಂತಾ, ಮೊಗಲ್ ಚಿತ್ರಗಳ ಕಡೆ ತಿರುಗಿದರು. ಮೈಸೂರಿನ ಕೆ. ವೆಂಕಟಪ್ಪನವರು ಕಲಿತದ್ದು ಅದೇ ಗರಡಿಯಲ್ಲಿ. ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮೊದಲಾದವರಿಗೆ ರವಿವರ್ಮರಲ್ಲಿ ಕಂಡದ್ದು ಎರವಲು ತಂತ್ರ ಮತ್ತು ನಾಟಕೀಯತೆ. ಇಂದು ಹಿಂದಿರುಗಿ ನೋಡಿದಾಗ ಇನ್ನೂ ಒಂದು ನಷ್ಟ ಎದ್ದುಕಾಣುತ್ತದೆ. ಒಂದೇ ಮುಖ ಎಲ್ಲೆಡೆ ಹರಡಿದಂತೆ ಊರೂರಿನ ದೇವಿಯರ ಬೇರೆ ಬೇರೆ ರೂಪಗಳು ಮಸುಕಾದವು. ಬಿಳಿ ಮೈಬಣ್ಣ, ಮೇಲುಜಾತಿಯ ಮನೆಯ ಉಡುಗೆ ದೈವತ್ವದ ಗುರುತಾದವು. ಕೈಯಲ್ಲಿ ಬರೆದು ಬದುಕುತ್ತಿದ್ದ ಚಿತ್ರಗಾರರು ಅಗ್ಗದ ಅಚ್ಚಿನೆದುರು ನಿಲ್ಲುವುದು ಕಷ್ಟವಾಯಿತು. ಹೊಸ ಜೋಡಣೆ ಏನನ್ನು ಕಟ್ಟಿತೋ ಅಷ್ಟನ್ನೇ ಪಕ್ಕಕ್ಕೂ ತಳ್ಳಿತು. ಶುಂಪೀಟರ್ ಕೂಡ ಈ ಎರಡನ್ನು ಬೇರ್ಪಡಿಸಿ ನೋಡಲಿಲ್ಲ.

ಮೈಸೂರಿಗೆ ರವಿವರ್ಮ ಬಂದದ್ದು 1885ರಲ್ಲಿ, ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಬರೆದ ಪೌರಾಣಿಕ ಚಿತ್ರಗಳ ಸಾಲೂ ಮೈಸೂರು ಅರಮನೆಗಾಗಿಯೇ. ಅವರ ಮೂಲಕೃತಿಗಳನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕಾಣಬಹುದು. ಅಲ್ಲಿರುವ, ದೀಪ ಹಿಡಿದ ಹೆಣ್ಣಿನ ಪ್ರಸಿದ್ಧ ಚಿತ್ರ ಎಸ್.ಎಲ್. ಹಲ್ದಣಕರರದು, ಆದರೂ ನೋಡುಗರಲ್ಲಿ ಹಲವರು ಅದನ್ನು ರವಿವರ್ಮರದೆಂದೇ ಹೇಳುವುದುಂಟು. 1979ರಲ್ಲಿ ಭಾರತ ಸರ್ಕಾರ ರವಿವರ್ಮರ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿ ಎಂದು ಸಾರಿದ್ದರಿಂದ ಅವನ್ನು ಮಾರಾಟಕ್ಕೆಂದು ದೇಶದಾಚೆ ಸಾಗಿಸುವಂತಿಲ್ಲ.

ಅಚ್ಚಿನ ತಂತ್ರ ಮಾತ್ರ ಮುಂದೆ ಹೋಯಿತು. ಚುಕ್ಕಿಯಿಡುವ ಕೈಯ ಜಾಗಕ್ಕೆ ಕ್ಯಾಮೆರಾ ಬಂತು, ಹತ್ತಾರು ಕಲ್ಲುಗಳ ಜಾಗಕ್ಕೆ ನಾಲ್ಕು ಲೋಹದ ತಗಡು ಬಂದವು. ಕ್ಯಾಲೆಂಡರ್ ಉದ್ಯಮ ಶಿವಕಾಶಿಗೆ ಸರಿಯಿತು. ಮಳವಲಿಯ ಪ್ರೆಸ್ 1972ರಲ್ಲಿ ಬೆಂಕಿಗೆ ಸಿಕ್ಕಿ, ಮೂಲ ಪಟಗಳು ಬಹಳಷ್ಟು ಸುಟ್ಟುಹೋದವು. ಉಳಿದ ಪಟಗಳನ್ನು ಹುಡುಕಿ, ದಾಖಲಿಸಿ, ಕಾಪಾಡುವ ಕೆಲಸವನ್ನು ಈಗ ಮಾಡುತ್ತಿರುವವರಲ್ಲಿ ಬೆಂಗಳೂರಿನ ರಾಜಾ ರವಿವರ್ಮ ಹೆರಿಟೇಜ್ ಫೌಂಡೇಶನ್ ಮುಖ್ಯವಾದದ್ದು. ಕಲ್ಲು ಮರೆಯಾದರೂ ಸೆನೆಫೆಲ್ಡರ್ ಕಂಡುಕೊಂಡ ತತ್ವ ಮರೆಯಾಗಿಲ್ಲ. ಕನ್ನಡದ ದಿನಪತ್ರಿಕೆ, ವಾರಪತ್ರಿಕೆಗಳನ್ನು ಅಚ್ಚು ಹಾಕುವ ಆಫ್‌ಸೆಟ್ ಯಂತ್ರಗಳಲ್ಲೂ ತಗಡಿನ ಒಂದು ಭಾಗ ನೀರನ್ನು, ಇನ್ನೊಂದು ಭಾಗ ಎಣ್ಣೆಮಸಿಯನ್ನು ಹಿಡಿಯುವುದರಿಂದಲೇ ಅಕ್ಷರ ಮೂಡುತ್ತದೆ.